ಕೋಳಿ ಉದ್ಯಮ, ಹುಕ್ಕೇರಿ–ಗೋಕಾಕ–ಮೂಡಲಗಿ ಸೀಮೆ

ಮೊಟ್ಟೆ, ಮಾಂಸಗಳಿಗಾಗಿ ಕೋಳಿಗಳನ್ನು ಸಾವಿರಗಟ್ಟಲೆ ಶೆಡ್ಡಿನಲ್ಲಿ ಸಾಕಿ ಮಾರುವ ಉದ್ಯಮ. ಕರ್ನಾಟಕದಲ್ಲಿ ಮೊಟ್ಟೆ ಕೋಳಿಯ ವ್ಯಾಪಾರಕ್ಕೆ ಹೊಸಪೇಟೆ, ಮೈಸೂರು, ಬೆಂಗಳೂರು ಮುಖ್ಯ ಕೇಂದ್ರಗಳು. ಬೆಳಗಾವಿ ಜಿಲ್ಲೆಯ ಹುಕ್ಕೇರಿ, ಗೋಕಾಕ ಮತ್ತು 2018ರಲ್ಲಿ ಗೋಕಾಕದಿಂದ ಬೇರೆಯಾದ ಮೂಡಲಗಿ ತಾಲ್ಲೂಕುಗಳಲ್ಲಿ ಹೊಲದ ಬದಿಯ ಬ್ರಾಯ್ಲರ್ ಶೆಡ್ಡುಗಳು ಈ ಉದ್ಯಮದ ಮುಖ.

ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿ. ಪಶ್ಚಿಮಘಟ್ಟದಲ್ಲಿ ಈಗಲೂ ಇರುವ ಬೂದು ಕಾಡುಕೋಳಿಯ ರಕ್ತವೂ ಅದರಲ್ಲಿ ಬೆರೆತಿದೆ; ಹಲವು ತಳಿಗಳ ಹಳದಿ ಚರ್ಮದ ಗುಣ ಬೂದು ಕಾಡುಕೋಳಿಯಿಂದಲೇ ಬಂದದ್ದೆಂದು 2008ರಲ್ಲಿ ವಿಜ್ಞಾನಿಗಳು ತೋರಿಸಿದರು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಜವಾರಿ ಕೋಳಿ ಹೆಣ್ಣುಮಕ್ಕಳ ಸ್ವಂತ ಸೊತ್ತು. ಹಿತ್ತಲಲ್ಲಿ ಕೆದರಿ ಮೇಯ್ದು, ರಾತ್ರಿ ಬುಟ್ಟಿಯಡಿ ಮಲಗುವ ಈ ಕೋಳಿ ವರ್ಷಕ್ಕೆ ಅರವತ್ತು-ಎಂಬತ್ತು ಮೊಟ್ಟೆ ಇಡುತ್ತಿತ್ತು. ಸಂತೆಯಲ್ಲಿ ಮೊಟ್ಟೆ ಮಾರಿದ ದುಡ್ಡು ಅವರದೇ ಆಗಿತ್ತು. ಕೊಕ್ಕರೆ ರೋಗ ಹೊಕ್ಕರೆ ಒಂದು ವಾರದಲ್ಲಿ ಓಣಿಯ ಗೂಡುಗಳೆಲ್ಲ ಬರಿದು. ಇದೇ ರೋಗಕ್ಕೆ 1920ರ ದಶಕದಲ್ಲಿ ಹಿಮಾಲಯದ ತಪ್ಪಲಿನ ರಾಣಿಖೇತ ಊರಿನ ಹೆಸರು ಬಿತ್ತು.

ಕೋಳಿಯನ್ನು ವರ್ಷಪೂರ್ತಿ ಒಳಗೆ ಸಾಕಲು ಸಾಧ್ಯವಾದದ್ದು ವಿಟಮಿನ್ ಡಿ ಗೊತ್ತಾದ ಮೇಲೆ. ಬಿಸಿಲು ಕಾಣದ ಮರಿಗಳ ಕಾಲು ಸೊಟ್ಟಗಾಗುವ ತೊಂದರೆ ಅದರಿಂದ ತಪ್ಪಿತು. 1923ರಲ್ಲಿ ಅಮೆರಿಕದ ಡೆಲಾವೇರ್‌ನ ಸೆಸಿಲ್ ಸ್ಟೀಲ್ ಎಂಬ ಗೃಹಿಣಿಗೆ ಐವತ್ತು ಮರಿಯ ಬದಲು ಐನೂರು ಬಂದವು. ಅವನ್ನು ಮಾಂಸಕ್ಕೆಂದೇ ಬೆಳೆಸಿ ಮಾರಿದ ಆಕೆಯ ಲಾಭ ನೋಡಿ ಸುತ್ತಲಿನವರೂ ಶೆಡ್ಡು ಕಟ್ಟಿದರು. ಬ್ರಾಯ್ಲರ್ ಉದ್ಯಮದ ಕತೆ ಸಾಮಾನ್ಯವಾಗಿ ಇಲ್ಲಿಂದಲೇ ಶುರುವಾಗುತ್ತದೆ.

ಸ್ವಾತಂತ್ರ್ಯಾನಂತರ ಕೇಂದ್ರ ಸರ್ಕಾರ ಬೆಂಗಳೂರು ಬಳಿಯ ಹೆಸರಘಟ್ಟದಲ್ಲಿ ಕೋಳಿ ತಳಿ ಕೇಂದ್ರ ತೆರೆಯಿತು, ತರಬೇತಿ ಸಂಸ್ಥೆಯೂ ಅಲ್ಲೇ ಬಂತು. ಖಾಸಗಿ ವಲಯಕ್ಕೆ ವೇಗ ಕೊಟ್ಟವರು ಡಾ. ಬಿ.ವಿ. ರಾವ್. ಅವರು 1971ರಲ್ಲಿ ವೆಂಕಟೇಶ್ವರ ಹ್ಯಾಚರೀಸ್ ಕಟ್ಟಿದರು. ಆಗ ಮೊಟ್ಟೆಯ ದರ ದೊಡ್ಡ ಪೇಟೆಗಳ ದಲ್ಲಾಳಿಗಳು ಹೇಳಿದ್ದೇ ಆಗಿತ್ತು. ರಾವ್ ಊರೂರು ತಿರುಗಿ ಸಾಕಣೆದಾರರನ್ನು ಒಗ್ಗೂಡಿಸಿ, 1982ರಲ್ಲಿ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿಯನ್ನು ರೂಪಿಸಿದರು. ಇಂದಿಗೂ ಪತ್ರಿಕೆಗಳಲ್ಲಿ ಬರುವ ವಲಯವಾರು ಮೊಟ್ಟೆ ದರ ಈ ಸಮಿತಿಯದು. ದೇಶದ ಮೊಟ್ಟೆ ಉತ್ಪಾದನೆ 1950–51ರಲ್ಲಿ ಸುಮಾರು 183 ಕೋಟಿ ಇದ್ದದ್ದು 2022–23ಕ್ಕೆ 13,838 ಕೋಟಿಗೆ ಏರಿತು. ತಳಿ, ಲಸಿಕೆ, ಮೇವುಗಳ ಪಾಲು ಇದರಲ್ಲಿ ದೊಡ್ಡದು. ಆದರೆ ದರ ಹೇಳುವ ಹಕ್ಕು ಸಾಕುವವರ ಕೈಗೆ ಬಂದದ್ದನ್ನು ಅದಕ್ಕಿಂತ ಕಡಿಮೆ ಎಣಿಸುವಂತಿಲ್ಲ.

ಮಾಂಸದ ಕೋಳಿ ಬೇರೆ ದಾರಿ ಹಿಡಿಯಿತು. ತಮಿಳುನಾಡಿನ ಉಡುಮಲಪೇಟೆಯಲ್ಲಿ 1984ರಲ್ಲಿ ಹುಟ್ಟಿದ ಸುಗುಣ ಕಂಪನಿ 1990ರ ದಶಕದಲ್ಲಿ ಗುತ್ತಿಗೆ ಸಾಕಣೆಯನ್ನು ಬೆಳೆಸಿತು. ಆಮೇಲೆ ಹಲವು ಕಂಪನಿಗಳು ಅದೇ ಪದ್ಧತಿಯಲ್ಲಿ ಕರ್ನಾಟಕಕ್ಕೆ ಬಂದವು. ಮರಿ, ಮೇವು, ಔಷಧಿ ಕಂಪನಿಯದು. ಶೆಡ್ಡು, ನೀರು, ಕರೆಂಟು, ಕೂಲಿ ರೈತನದು. ಕೋಳಿ ಕೊನೆತನಕ ಕಂಪನಿಯದೇ. ಕೇಜಿ ಲೆಕ್ಕದಲ್ಲಿ ಸಾಕಣೆ ಕೂಲಿ ಮಾತ್ರ ರೈತನಿಗೆ.

ಒಂದು ಬ್ಯಾಚಿನ ಕೆಲಸ ಮರಿ ಬರುವ ಮೊದಲೇ ಶುರು. ಶೆಡ್ಡು ತೊಳೆದು, ಸುಣ್ಣ ಬಳಿದು, ಭತ್ತದ ಹೊಟ್ಟು ಹಾಸಿ, ಮೇಲೆ ಹಳೆಯ ಪೇಪರು ಹರಡುತ್ತಾರೆ. ಮರಿ ಬಂದಾಗ ತೂಕ ನಲವತ್ತು ಗ್ರಾಂ ಆಸುಪಾಸು. ಮೊದಲ ವಾರ ಬಲ್ಬಿನ ಕೆಳಗೆ 95 ಡಿಗ್ರಿ ಫ್ಯಾರನ್‌ಹೀಟ್ ಕಾವು ಇರಬೇಕು. ಕಾವು ಸಾಲದಿದ್ದರೆ ಮರಿಗಳು ಬಲ್ಬಿನಡಿ ಒಂದರ ಮೇಲೊಂದು ಗುಂಪುಗೂಡುತ್ತವೆ, ಹೆಚ್ಚಾದರೆ ಬಾಯಿ ತೆರೆದು ಅಂಚಿಗೆ ಸರಿಯುತ್ತವೆ. ಅನುಭವಿ ರೈತ ಥರ್ಮಾಮೀಟರಿಗಿಂತ ಇದನ್ನೇ ನಂಬುತ್ತಾನೆ. ಐದರಿಂದ ಏಳನೇ ದಿನದೊಳಗೆ ಕೊಕ್ಕರೆ ರೋಗದ ಲಸೋಟಾ ಲಸಿಕೆಯ ಒಂದೊಂದು ಹನಿಯನ್ನು ಪ್ರತಿ ಮರಿಯ ಕಣ್ಣಿಗೆ ಬಿಡಬೇಕು. ಎರಡನೇ ವಾರ ಗಂಬೋರೊ ರೋಗದ ಲಸಿಕೆ. ಆರು ವಾರದೊಳಗೆ ಕೋಳಿ ಎರಡು ಕೇಜಿ ದಾಟುತ್ತದೆ. ತಂಪು ಹೊತ್ತಲ್ಲಿ, ಹೆಚ್ಚಾಗಿ ರಾತ್ರಿ, ಲಾರಿ ಬಂದು ಕೋಳಿ ಎತ್ತುತ್ತದೆ. ತಿಂದ ಮೇವಿಗೆ ಎಷ್ಟು ಮಾಂಸ ಬಂತು, ಎಷ್ಟು ಸತ್ತವು ಎಂಬ ಲೆಕ್ಕದ ಮೇಲೆ ಕೂಲಿ ನಿಗದಿಯಾಗುತ್ತದೆ. ಮರಿಯ ಗುಣ, ಮೇವಿನ ಗುಣ ರೈತನ ಕೈಯಲ್ಲಿಲ್ಲ, ಆದರೂ ಅವುಗಳ ಫಲ ಅವನ ಲೆಕ್ಕಕ್ಕೇ ಬರುತ್ತದೆ. ಗುತ್ತಿಗೆ ಪದ್ಧತಿಯ ದೊಡ್ಡ ಕೊರತೆ ಇದು. ಅದರಲ್ಲಿ ದೊಡ್ಡ ಆಸರೆಯೂ ಇದೆ: ಪೇಟೆಯ ದರ ಬಿದ್ದಾಗಲೂ ಕೂಲಿ ಪೂರ್ತಿ ನಿಲ್ಲುವುದಿಲ್ಲ.

ಈ ಸೀಮೆಯಲ್ಲಿ ಹರಿಯುವ ಘಟಪ್ರಭಾ ನದಿಯ ಬಯಲಿಗೆ ಈ ಉದ್ಯಮ ಹೊಂದಿಕೊಂಡದ್ದಕ್ಕೆ ಕಾರಣಗಳಿವೆ. ಬ್ರಾಯ್ಲರ್ ಮೇವಿನಲ್ಲಿ ಅರ್ಧಕ್ಕಿಂತ ಹೆಚ್ಚು ಗೋವಿನಜೋಳ, ಉಳಿದದ್ದರಲ್ಲಿ ಸೋಯಾ ಹಿಂಡಿಯೇ ಮುಖ್ಯ. ಎರಡೂ ಬೆಳಗಾವಿ ಜಿಲ್ಲೆಯ ಬೆಳೆಗಳು. ಹಿಡಕಲ್ ಜಲಾಶಯದ ಕಾಲುವೆಗಳು ಹರಿದಲ್ಲಿ ಕಬ್ಬು ಬಂತು, ಕಬ್ಬಿನ ಗದ್ದೆಗೆ ಶೆಡ್ಡಿನಿಂದ ಕೋಳಿ ಗೊಬ್ಬರ ಹೋಗುತ್ತದೆ. ಸಂಕೇಶ್ವರ, ಹತ್ತರಗಿ ಹಾದುಹೋಗುವ ಪುಣೆ–ಬೆಂಗಳೂರು ಹೆದ್ದಾರಿ ಕೊಲ್ಹಾಪುರ, ಬೆಳಗಾವಿಗಳ ಪೇಟೆಯನ್ನು ಹತ್ತಿರ ತಂದಿದೆ. ಹುಕ್ಕೇರಿ ತಾಲ್ಲೂಕಿಗೆ ವಿದ್ಯುತ್ ಹಂಚುವುದು 1969ರಲ್ಲಿ ಸ್ಥಾಪನೆಯಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ. ಮರಿಗೆ ರಾತ್ರಿಯಿಡೀ ಕಾವು ಬೇಕಾದ ಕಸುಬಿನಲ್ಲಿ ಕರೆಂಟಿನ ಮಾತು ಸಣ್ಣದಲ್ಲ.

ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ತೂಕ ಬಂದ ಕೋಳಿಗಳೇ ಮೊದಲು ಸಾಯುತ್ತವೆ. ಶ್ರಾವಣದಲ್ಲಿ ಮಾಂಸದ ಬೇಡಿಕೆ ಕುಸಿಯುತ್ತದೆ. ಸ್ವಂತ ಬಂಡವಾಳದಲ್ಲಿ ಸಾಕುವವರು ಬ್ಯಾಚು ಹಾಕುವ ಮೊದಲು ಪಂಚಾಂಗ ನೋಡಲೇಬೇಕು. ಹಕ್ಕಿಜ್ವರ ದೇಶದಲ್ಲಿ ಮೊದಲು ಕಂಡದ್ದು 2006ರ ಫೆಬ್ರುವರಿಯಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. 2012ರ ಅಕ್ಟೋಬರ್‌ನಲ್ಲಿ ಅದು ಹೆಸರಘಟ್ಟದ ಸರ್ಕಾರಿ ಕೇಂದ್ರಕ್ಕೇ ಬಂತು. ಈ ಸೀಮೆಗೆ ಎಲ್ಲಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು ರೋಗವಲ್ಲ, ಸುಳ್ಳು ಸುದ್ದಿ. ಕೋಳಿ ತಿಂದರೆ ಕೊರೊನಾ ಬರುತ್ತದೆಂಬ ಮಾತು ಮೊಬೈಲುಗಳಲ್ಲಿ ಹರಡಿ 2020ರ ಮಾರ್ಚ್‌ನಲ್ಲಿ ದರ ನೆಲಕಚ್ಚಿತು. ಗೋಕಾಕ ತಾಲ್ಲೂಕಿನ ಒಬ್ಬ ಸಾಕಣೆದಾರ ಮೇವಿನ ಖರ್ಚೂ ಹುಟ್ಟದೆ, ಸುಮಾರು 6,000 ಕೋಳಿಗಳನ್ನು ಗುಂಡಿ ತೋಡಿ ಜೀವಂತ ಹೂತ ದೃಶ್ಯ ರಾಜ್ಯವನ್ನೇ ನಡುಗಿಸಿತು. ಆ ಕೋಳಿಗಳಿಗೆ ಯಾವ ರೋಗವೂ ಇರಲಿಲ್ಲ.

ಶೆಡ್ಡು ಕಟ್ಟುವಷ್ಟು ಹಣವಿಲ್ಲದವರಿಗಾಗಿ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು 1989ರಲ್ಲಿ ‘ಗಿರಿರಾಜ’ ತಳಿ ಕೊಟ್ಟಿತು, 2005ರಲ್ಲಿ ‘ಸ್ವರ್ಣಧಾರ’ ಬಂತು. ಜವಾರಿಯಂತೆ ಹಿತ್ತಲಲ್ಲಿ ಮೇಯ್ದೂ ಹೆಚ್ಚು ಮಾಂಸ, ಮೊಟ್ಟೆ ಕೊಡುವ ಇವು ಮಿಶ್ರತಳಿಗಳು. ಮುಂದಿನ ಪೀಳಿಗೆಯಲ್ಲಿ ಅದೇ ಗುಣ ಉಳಿಯದ್ದರಿಂದ ಮರಿಗಾಗಿ ಪ್ರತಿಸಲ ಹ್ಯಾಚರಿಗೇ ಹೋಗಬೇಕು. ಮೊಟ್ಟೆಗೆ ಹೊಸ ಬೇಡಿಕೆ ತಂದದ್ದು ಶಾಲೆಯ ಬಿಸಿಯೂಟ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕ ಮತ್ತು ವಿಜಯಪುರದಲ್ಲಿ ಶುರುವಾದ ಮೊಟ್ಟೆ ವಿತರಣೆ ಬಳಿಕ ರಾಜ್ಯಕ್ಕೆಲ್ಲ ಹಬ್ಬಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ಅದನ್ನು ವಾರಕ್ಕೆ ಆರು ದಿನಕ್ಕೆ ವಿಸ್ತರಿಸಲಾಯಿತು.