ತಾಲೀಮು: ಅಕ್ಕಿಹೆಬ್ಬಾಳಿನ ಸುತ್ತಣ ಒಂದು ರಂಗಕಥೆ

ನಾಟಕದ ಅಭ್ಯಾಸಕ್ಕೆ ನಮ್ಮ ಹಳ್ಳಿಗಳಲ್ಲಿ 'ತಾಲೀಮು' ಎನ್ನುತ್ತಾರೆ. ಮೂಲದಲ್ಲಿ ಇದು ಅರಬ್ಬಿ ಶಬ್ದ. ಉರ್ದು ಮಾತಾಡುವ ಮನೆಗಳಲ್ಲಿ ಇಂದಿಗೂ ತಾಲೀಮ್ ಎಂದರೆ ವಿದ್ಯೆ. ಮಗುವಿಗೆ ತಾಲೀಮ್ ಕೊಡಿಸಬೇಕು ಎಂದರೆ ಶಾಲೆಗೆ ಕಳಿಸಬೇಕು ಎಂದೇ ಅರ್ಥ. ಆ ಶಬ್ದ ಗರಡಿಮನೆಗೂ ನಾಟಕದ ಮನೆಗೂ ಹೊಕ್ಕು ಕನ್ನಡದ್ದೇ ಆಯಿತು. ರಂಗದ ಮೇಲೆ ಇಳಿಬಿಡುವ 'ಪರದೆ'ಯೂ ಹೀಗೆಯೇ ಪಾರಸಿಯಿಂದ ಬಂದು ನಮ್ಮಲ್ಲಿ ನೆಲೆ ನಿಂತ ಮಾತು. ವಿದ್ಯೆಗೂ ನಾಟಕದ ಅಭ್ಯಾಸಕ್ಕೂ ಒಂದೇ ಹೆಸರಿದೆ ಎಂಬುದನ್ನು ನಮ್ಮ ಪ್ರೌಢಶಾಲೆಗಳು ಮರೆತಿವೆಯೇನೋ ಎಂಬ ಅನುಮಾನವೇ ಈ ಬರಹಕ್ಕೆ ಕಾರಣ.

ಮೈಸೂರಿನಿಂದ ಹಾಸನದ ಕಡೆಗೆ ಹೋಗುವ ರೈಲಿನಲ್ಲಿ ಕುಳಿತರೆ ಅಕ್ಕಿಹೆಬ್ಬಾಳು ಎಂಬ ಸಣ್ಣ ನಿಲ್ದಾಣ ಸಿಗುತ್ತದೆ. ಕೃಷ್ಣರಾಜಪೇಟೆ ತಾಲ್ಲೂಕಿನ ಹೋಬಳಿ ಕೇಂದ್ರ. ಹೇಮಾವತಿಯ ದಡದ ಊರು. ಹೆಸರಾಂತ ಪ್ರಬಂಧಕಾರ ಎ. ಎನ್. ಮೂರ್ತಿರಾಯರ ಹೆಸರಿನ ಮೊದಲ ಅಕ್ಷರ ಈ ಊರಿನದು. 1900ರಲ್ಲಿ ಇಲ್ಲಿ ಹುಟ್ಟಿದ ಅವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು, ನೂರು ವರ್ಷ ದಾಟಿ ಬದುಕಿ 2003ರಲ್ಲಿ ತೀರಿಕೊಂಡರು. 'ಹಗಲುಗನಸುಗಳು' ಓದಿದವರಿಗೆ ಅವರ ನಗು ಗೊತ್ತು. ಇಳಿವಯಸ್ಸಿನಲ್ಲಿ ಬರೆದ 'ದೇವರು' ಓದಿದವರಿಗೆ ಅವರ ನಿಷ್ಠುರತೆ ಗೊತ್ತು. ಆ ಪುಸ್ತಕದ ತೀರ್ಮಾನವನ್ನು ಒಪ್ಪದ ನಮ್ಮಂಥ ಆಸ್ತಿಕರೂ ಅದರ ಪ್ರಾಮಾಣಿಕತೆಯನ್ನು ಅಲ್ಲಗಳೆಯಲಾರೆವು. ಆದರೆ ಮೂರ್ತಿರಾಯರು ಷೇಕ್ಸ್‌ಪಿಯರನ 'ಟೆಂಪೆಸ್ಟ್' ನಾಟಕವನ್ನು 'ಚಂಡಮಾರುತ'ವಾಗಿಯೂ ಫ್ರಾನ್ಸಿನ ಮೋಲಿಯೇರನ 'ತಾರ್ತ್ಯೂಫ್' ನಾಟಕವನ್ನು 'ಆಷಾಢಭೂತಿ'ಯಾಗಿಯೂ ಕನ್ನಡಕ್ಕೆ ತಂದರು ಎಂಬುದು ಅವರ ಊರಿನ ಸುತ್ತಿನ ಎಷ್ಟು ಮಕ್ಕಳಿಗೆ ಗೊತ್ತು?

ಮೋಲಿಯೇರನ ಆ ನಾಟಕದ ಕತೆ ಸರಳ. ಅನುಕೂಲಸ್ಥ ಗೃಹಸ್ಥನೊಬ್ಬ ದೈವಭಕ್ತನಂತೆ ತೋರುವ ಒಬ್ಬನನ್ನು ಮನೆಗೆ ಕರೆತರುತ್ತಾನೆ. ಅವನ ಮಾತೇ ವೇದವಾಗುತ್ತದೆ. ಮಗಳನ್ನು ಅವನಿಗೇ ಕೊಡಲು ಹೊರಡುತ್ತಾನೆ, ಆಸ್ತಿಯನ್ನೂ ಬರೆದುಕೊಡುತ್ತಾನೆ. ಆ ಮಹಾಭಕ್ತ ಯಜಮಾನನ ಹೆಂಡತಿಯ ಮೇಲೆಯೇ ಕಣ್ಣು ಹಾಕುತ್ತಾನೆ. ಹೆಂಡತಿ ಗಂಡನನ್ನು ಮೇಜಿನ ಕೆಳಗೆ ಅಡಗಿಸಿಟ್ಟು ಸತ್ಯ ತೋರಿಸಬೇಕಾಗುತ್ತದೆ. 1664ರಲ್ಲಿ ವರ್ಸಾಯಿಯ ಅರಮನೆಯಲ್ಲಿ ಇದನ್ನು ಮೊದಲು ಆಡಿದಾಗ ಪುರೋಹಿತ ವರ್ಗ ಕೆರಳಿ, ಸಾರ್ವಜನಿಕ ಪ್ರದರ್ಶನಕ್ಕೆ ನಿಷೇಧ ಬಿತ್ತು. 1667ರಲ್ಲಿ ಪ್ಯಾರಿಸ್ಸಿನ ಆರ್ಚ್‌ಬಿಷಪ್ಪರು ನಾಟಕ ನೋಡಿದವರನ್ನು, ಓದಿದವರನ್ನು ಚರ್ಚಿನಿಂದ ಹೊರಹಾಕುವುದಾಗಿ ಸಾರಿದರು. ಮುಕ್ತವಾಗಿ ಆಡಲು ಅನುಮತಿ ಸಿಕ್ಕಿದ್ದು 1669ರಲ್ಲಿ. ಧರ್ಮವನ್ನಲ್ಲ, ಧರ್ಮದ ವೇಷವನ್ನು ಹಂಗಿಸಿದ್ದೇನೆ ಎಂಬುದು ಮೋಲಿಯೇರನ ವಾದವಾಗಿತ್ತು. ಎಲ್ಲ ಧರ್ಮಗಳಲ್ಲೂ ನಿಜವಾದ ಭಕ್ತನಿಗೆ ದೊಡ್ಡ ಶತ್ರು ನಾಸ್ತಿಕನಲ್ಲ, ಕಪಟಿ. ಇದನ್ನು ಮುಸ್ಲಿಮ್ ಓದುಗರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.

ಮೂರ್ತಿರಾಯರು ಈ ಕಪಟಿಗೆ ಕೊಟ್ಟ ಹೆಸರನ್ನು ನೋಡಿ. ಪಂಚತಂತ್ರದಲ್ಲಿ ಆಷಾಢಭೂತಿ ಎಂಬ ಠಕ್ಕ ಸನ್ಯಾಸಿಯೊಬ್ಬನ ಶಿಷ್ಯನಾಗಿ ನಟಿಸಿ ಅವನ ಹಣದ ಗಂಟನ್ನೇ ಕದ್ದು ಓಡುತ್ತಾನೆ. ಪ್ಯಾರಿಸ್ಸಿನ ಠಕ್ಕನಿಗೆ ನಮ್ಮ ಅಜ್ಜಿಕತೆಯ ಠಕ್ಕನ ಹೆಸರಿಟ್ಟ ಕೂಡಲೇ ಅವನು ನಮ್ಮೂರಿನವನೇ ಆಗಿಬಿಟ್ಟ.

ಇದು ಒಬ್ಬರ ಕತೆಯಲ್ಲ. ಅಕ್ಕಿಹೆಬ್ಬಾಳನ್ನು ನಡುವೆ ಇಟ್ಟುಕೊಂಡು ನೆರೆಯ ತಾಲ್ಲೂಕುಗಳತ್ತ ನೋಡಿದರೆ ಆಶ್ಚರ್ಯವಾಗುತ್ತದೆ. ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಬಿ. ಎಂ. ಶ್ರೀಕಂಠಯ್ಯನವರ ತಂದೆಯ ಊರು. ಗ್ರೀಕ್ ರುದ್ರನಾಟಕ ಕನ್ನಡಕ್ಕೆ ಬಂದದ್ದು ಅವರ ಕೈಯಿಂದ. ಸೊಫೊಕ್ಲಿಸನ 'ಅಯಾಸ್' ಅವರಲ್ಲಿ ಮಹಾಭಾರತದ ಅಶ್ವತ್ಥಾಮನಾದ. ಈಸ್ಕಿಲಸನ ನಾಟಕವೊಂದು 'ಪಾರಸಿಕರು' ಎಂಬ ಹೆಸರಿನಲ್ಲಿ ಬಂತು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯವರು ಪು. ತಿ. ನರಸಿಂಹಾಚಾರ್. ಹಾಡಿನಲ್ಲೇ ನಡೆಯುವ ಗೀತನಾಟಕಕ್ಕೆ ಕನ್ನಡದಲ್ಲಿ ದೊಡ್ಡ ಹೆಸರು ಅವರದು. ಸಂಗೀತವನ್ನು ಬಲ್ಲ ಕವಿ. ಹೊಸ ರಾಗಗಳನ್ನು ಕಟ್ಟಿದವರು. 'ಹಂಸದಮಯಂತಿ ಮತ್ತು ಇತರ ರೂಪಕಗಳು' ಕೃತಿಗೆ 1966ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರ 'ಗೋಕುಲ ನಿರ್ಗಮನ'ವನ್ನು ಬಿ. ವಿ. ಕಾರಂತರು ರಂಗಕ್ಕೆ ತಂದಾಗ ಓದುವ ನಾಟಕವೆಂದುಕೊಂಡಿದ್ದವರು ಬೆರಗಾದರು.

ಇವುಗಳಲ್ಲಿ 'ಪಾರಸಿಕರು' ಬಗ್ಗೆ ಒಂದು ಮಾತು ಹೆಚ್ಚಾಗಿ ಹೇಳಬೇಕು. ಕ್ರಿಸ್ತಪೂರ್ವ 480ರಲ್ಲಿ ಸಲಾಮಿಸ್ ಕಡಲಕಾಳಗದಲ್ಲಿ ಗ್ರೀಕರು ಪರ್ಷಿಯನ್ನರನ್ನು ಸೋಲಿಸಿದರು. ಎಂಟು ವರ್ಷಗಳ ಮೇಲೆ, 472ರಲ್ಲಿ, ಆ ಪರ್ಷಿಯನ್ನರ ವಿರುದ್ಧ ಮ್ಯಾರಥಾನಿನಲ್ಲಿ ಸ್ವತಃ ಹೋರಾಡಿದ್ದ ಈಸ್ಕಿಲಸ್ ಅಥೆನ್ಸಿನ ರಂಗದ ಮೇಲೆ ಈ ನಾಟಕ ಆಡಿಸಿದ. ಗೆದ್ದವರ ಜಯಘೋಷ ಅದರಲ್ಲಿ ಮುಖ್ಯವಲ್ಲ. ದೃಶ್ಯವೆಲ್ಲ ಸೋತವರ ಅರಮನೆಯಲ್ಲಿ. ಯುದ್ಧಕ್ಕೆ ಹೋದ ಮಗನ ಸುದ್ದಿಗಾಗಿ ಕಾದು ಕುಳಿತ ತಾಯಿ, ಸತ್ತವರ ಹೆಸರುಗಳನ್ನು ಹೇಳುವ ದೂತ, ಹರಿದ ಬಟ್ಟೆಯಲ್ಲಿ ಮರಳುವ ದೊರೆ. ಶತ್ರುವಿನ ತಾಯಿಯ ದುಃಖವನ್ನು ಗೆದ್ದ ಊರಿನ ಜನರ ಮುಂದೆ ಇಟ್ಟ ಸೈನಿಕ ಅವನು. ಶ್ರೀರಂಗಪಟ್ಟಣದ ಕೋಟೆಯ ನೆರಳಿನಲ್ಲಿ, 1799ರ ಸೋಲಿನ ಕತೆ ಕೇಳುತ್ತ ಬೆಳೆಯುವ ಮಕ್ಕಳಿಗೆ ಇದು ದೂರದ ಕತೆಯಾಗಲಾರದು. ಗೆದ್ದವನ ಇತಿಹಾಸ, ಸೋತವನ ಇತಿಹಾಸ ಎಂದು ಹಂಚಿಕೊಂಡು ಜಗಳವಾಡುವ ನಮಗೆ ಈಸ್ಕಿಲಸ್ ಮೂರನೆಯ ದಾರಿಯೊಂದನ್ನು ತೋರಿಸುತ್ತಾನೆ.

ಈ ಭಾಗದಲ್ಲಿ ನಾಟಕಕ್ಕೆ ಬರ ಬಂದದ್ದೇ ಇಲ್ಲ. ಸುಗ್ಗಿ ಮುಗಿದರೆ ಮಂಡ್ಯ ಸೀಮೆಯ ಹಳ್ಳಿಗಳಲ್ಲಿ 'ಕುರುಕ್ಷೇತ್ರ'ದ ತಾಲೀಮು ಶುರು. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ರಾತ್ರಿ ಕುಳಿತು ಹಾಡು ಕಲಿಸುತ್ತಾರೆ. ಕೃಷ್ಣನ ಪಾರ್ಟಿಗೆ ಇಷ್ಟು, ದುರ್ಯೋಧನನ ಪಾರ್ಟಿಗೆ ಇಷ್ಟು ಎಂದು ಪಾತ್ರಧಾರಿಗಳೇ ಕೈಯಿಂದ ಹಣ ಹಾಕುತ್ತಾರೆ. ಬಾಡಿಗೆಗೆ ತಂದ ಸೀನರಿಯ ಮುಂದೆ ಬೆಳಗಿನ ಜಾವದವರೆಗೆ ಆಟ. ಈ ಸಂಗೀತ ನಾಟಕದ ಬೇರು ಎಲ್ಲೆಲ್ಲೋ ಹರಡಿದೆ. ಲಖನೌದ ಆಗಾ ಹಸನ್ ಅಮಾನತ್ 1850ರ ದಶಕದಲ್ಲಿ ಬರೆದ ಉರ್ದು ಗೀತನಾಟಕ 'ಇಂದರ್ ಸಭಾ'ದಲ್ಲಿ ಹಿಂದೂಗಳ ಇಂದ್ರನೂ ಪಾರಸಿ ಕತೆಗಳ ಪರಿಗಳೂ ಒಂದೇ ಸಭೆಯಲ್ಲಿ ಕೂಡಿದರು. ಪಾರ್ಸಿ ಕಂಪನಿಗಳು ಅಂಥ ಆಟಗಳನ್ನೂ ಚಿತ್ರ ಬರೆದ ಪರದೆಗಳನ್ನೂ ದೇಶದ ಉದ್ದಗಲಕ್ಕೆ ಒಯ್ದವು. ಮೈಸೂರು ಅರಮನೆ 1880ರ ದಶಕದ ಆರಂಭದಲ್ಲಿ ತನ್ನದೇ ನಾಟಕ ಮಂಡಳಿ ಕಟ್ಟಿತು. ಅದಕ್ಕಾಗಿ ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಿಸಿದರು. ಆ ಪರಂಪರೆಯಲ್ಲೇ ಮುಂದೆ ಮಹಮ್ಮದ್ ಪೀರ್ ಬಂದರು. ಅವರ ಚಂದ್ರಕಲಾ ನಾಟಕ ಮಂಡಳಿ 'ಷಹಜಹಾನ್' ಆಡಿತು, 'ಗೌತಮ ಬುದ್ಧ'ವನ್ನೂ ಆಡಿತು. ಅದು ಆಡಿದ 'ಸಂಸಾರ ನೌಕೆ' 1936ರಲ್ಲಿ ಚಲನಚಿತ್ರವೂ ಆಯಿತು. ಮುಸ್ಲಿಮ್ ನಟನೊಬ್ಬ ಕಟ್ಟಿದ ಮಂಡಳಿಯ ಬುದ್ಧನನ್ನು ನೋಡಲು ಟಿಕೆಟ್ಟು ಕೊಂಡ ಕನ್ನಡಿಗರು ನಟನ ಜಾತಿ ಕೇಳಲಿಲ್ಲ, ಅಭಿನಯ ನೋಡಿದರು.

ಹೀಗೆ ಒಂದು ಕಡೆ ಹಳ್ಳಿಯ ಅಂಗಳದಲ್ಲಿ ಹಾಡು, ಇನ್ನೊಂದು ಕಡೆ ಅಧ್ಯಾಪಕರ ಮೇಜಿನ ಮೇಲೆ ಜಗತ್ತಿನ ನಾಟಕ. ಎರಡೂ ಕೂಡಬಹುದಾದ ಜಾಗ ಹೈಸ್ಕೂಲು. ಒಂದು ಕಾಲದಲ್ಲಿ ವಾರ್ಷಿಕೋತ್ಸವವೆಂದರೆ ಕೈಲಾಸಂ ನಾಟಕ, ಕುವೆಂಪು ನಾಟಕ ಇರಲೇಬೇಕಿತ್ತು. ಈಗ ಬಹುಪಾಲು ಶಾಲೆಗಳಲ್ಲಿ ಧ್ವನಿವರ್ಧಕದಲ್ಲಿ ಸಿನಿಮಾ ಹಾಡು, ವೇದಿಕೆಯ ಮೇಲೆ ಅದಕ್ಕೆ ಕುಣಿತ. ಮಗುವಿನ ಬಾಯಿಂದ ಒಂದು ಮಾತು ಹೊರಡುವುದಿಲ್ಲ. ಮೇಷ್ಟ್ರುಗಳನ್ನು ದೂರಿ ಫಲವಿಲ್ಲ. ಹತ್ತನೆಯ ತರಗತಿಯ ಫಲಿತಾಂಶ, ಕೊನೆಯಿಲ್ಲದ ದಾಖಲೆ ಕೆಲಸ ಅವರ ಹೆಗಲ ಮೇಲಿದೆ. ಕೈಲಾಸಂ ಸುಮಾರು ನೂರು ವರ್ಷಗಳ ಹಿಂದೆ 'ಟೊಳ್ಳು ಗಟ್ಟಿ'ಯಲ್ಲಿ ತೋರಿಸಿದ್ದು ಇದನ್ನೇ: ಓದಿನಲ್ಲಿ ಮುಂದಿರುವ ಹುಡುಗ ಟೊಳ್ಳಾಗಿರಬಹುದು, ಹಿಂದುಳಿದವನು ಗಟ್ಟಿಯಾಗಿರಬಹುದು.

ಆಗದ ಕೆಲಸವೇನಲ್ಲ. ಉಡುಪಿಯಲ್ಲಿ ಯಕ್ಷಗಾನ ಕಲಾರಂಗದವರ ಬೆಂಬಲದಿಂದ ಯಕ್ಷಶಿಕ್ಷಣ ಪ್ರೌಢಶಾಲೆಗಳನ್ನು ಮುಟ್ಟಿದೆ. ಗುರುಗಳು ಶಾಲೆಗೇ ಹೋಗಿ ಕಲಿಸುತ್ತಾರೆ. ವರ್ಷದ ಕೊನೆಯಲ್ಲಿ 'ಕಿಶೋರ ಯಕ್ಷಗಾನ ಸಂಭ್ರಮ'ದಲ್ಲಿ ಶಾಲೆಯ ಮೇಲೆ ಶಾಲೆ ಪೂರ್ಣ ಪ್ರಸಂಗ ಆಡುತ್ತದೆ. ಗಂಡಸರದೇ ಆಗಿದ್ದ ಕಲೆಗೆ ಹೆಣ್ಣುಮಕ್ಕಳು ಗೆಜ್ಜೆ ಕಟ್ಟಿದ್ದಾರೆ. ಎಲ್ಲ ಸಮುದಾಯದ ಮಕ್ಕಳಿದ್ದಾರೆ. ಕರಾವಳಿಗೆ ಯಕ್ಷಗಾನ ಹೇಗೋ, ಮಂಡ್ಯ ಸೀಮೆಗೆ ಹಾರ್ಮೋನಿಯಂ ನಾಟಕ ಹಾಗೆ.

ಅಕ್ಕಿಹೆಬ್ಬಾಳಿನ ಸುತ್ತಣ ಒಂದು ಶಾಲೆ ಹೀಗೆ ಯೋಚಿಸಬಹುದು. ಮಳೆಗಾಲದಲ್ಲಿ, ಆಷಾಢ ಮಾಸದಲ್ಲಿಯೇ, 'ಆಷಾಢಭೂತಿ'. ಸುಗ್ಗಿಯ ಹೊತ್ತಿಗೆ 'ಪಾರಸಿಕರು' ನಾಟಕದ ಒಂದೆರಡು ದೃಶ್ಯ. ಬಿಎಂಶ್ರೀಯವರ ಭಾಷೆ ಮಕ್ಕಳಿಗೆ ಗಡುಸಾದ್ದರಿಂದ ಅಷ್ಟು ಸಾಕು. ವಾರ್ಷಿಕೋತ್ಸವಕ್ಕೆ 'ಗೋಕುಲ ನಿರ್ಗಮನ'ದ ಹಾಡುಗಳು. ಊರಿನ ಹಾರ್ಮೋನಿಯಂ ಮೇಷ್ಟ್ರನ್ನೇ ಶಾಲೆಗೆ ಕರೆದರಾಯಿತು. ವೇಷಕ್ಕೆ ಅಮ್ಮನ ಹಳೆಯ ಸೀರೆ, ಅಪ್ಪನ ಪಂಚೆ ಸಾಲದೇ? ಒಂದು ವರ್ಷದಲ್ಲಿ ಮಕ್ಕಳು ನಗು, ದುಃಖ, ಅಗಲಿಕೆ ಮೂರನ್ನೂ ಕಲಿತಿರುತ್ತಾರೆ. ಮೂರಕ್ಕೂ ಕವಿಗಳು ಅವರ ನೆರೆಯ ಊರಿನವರೇ.

ಅಭಿನಯದ ಬಗ್ಗೆ ಹಿಂಜರಿಕೆ ಇರುವ ಮನೆಗಳು ನಮ್ಮಲ್ಲಿವೆ. ಆ ಭಾವನೆಯನ್ನು ಗೌರವಿಸಬೇಕು, ಯಾವ ಮಗುವಿನ ಮೇಲೂ ಪಾತ್ರ ಹೇರಬಾರದು. ಆದರೆ ರಂಗದಲ್ಲಿ ವೇಷ ಕಟ್ಟುವುದೊಂದೇ ಕೆಲಸವಲ್ಲ. ಮಾತು ಮರೆತವನಿಗೆ ಮರೆಯಿಂದ ಹೇಳಿಕೊಡುವವನು ಬೇಕು, ಪರದೆ ಎಳೆಯುವವಳು ಬೇಕು, ದೀಪ ನೋಡುವವರು ಬೇಕು. ಒಂದೇ ತರಗತಿಯಲ್ಲಿ ಕುಳಿತೂ ಹೆಸರು, ಕೇರಿಗಳಿಂದ ದೂರವಾಗುತ್ತಿರುವ ಮಕ್ಕಳು ಸಂಜೆ ಒಂದು ಗಂಟೆ ಒಬ್ಬರ ಮಾತಿಗಾಗಿ ಇನ್ನೊಬ್ಬರು ಕಾಯುವುದನ್ನು ಕಲಿತರೆ, ಅದು ಯಾವ ಅಂಕಪಟ್ಟಿಯಲ್ಲೂ ಕಾಣದ ವಿದ್ಯೆ.

ನಮ್ಮ ಹಿರಿಯರು ಅದಕ್ಕೆ ತಾಲೀಮು ಎಂದು ಸುಮ್ಮನೆ ಹೆಸರಿಡಲಿಲ್ಲ.