ಮಲೆನಾಡಿನ ಜಮಾಖರ್ಚಿನಲ್ಲಿ ವಿಶ್ವವಿದ್ಯಾನಿಲಯ

ಒಂದು ವಿಶ್ವವಿದ್ಯಾನಿಲಯದಿಂದ ಅದರ ಸುತ್ತಣ ಪ್ರದೇಶಕ್ಕೆ ಒದಗುವ ಪ್ರಯೋಜನವನ್ನು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕುವ ಕ್ರಮವೊಂದು ರೂಢಿಯಲ್ಲಿದೆ. ಅಧ್ಯಾಪಕರ ಸಂಬಳ, ವಿದ್ಯಾರ್ಥಿಗಳು ಕೊಡುವ ಮನೆಬಾಡಿಗೆ, ಊಟದ ಮನೆಗಳ ವ್ಯಾಪಾರ, ಪುಸ್ತಕದಂಗಡಿ, ಕಟ್ಟಡದ ಕೂಲಿ ಇವೆಲ್ಲವನ್ನೂ ಕೂಡಿಸಿ, ಒಂದು ರೂಪಾಯಿ ಆ ಊರಿನಲ್ಲಿ ಎಷ್ಟು ಕೈ ದಾಟುತ್ತದೆ ಎಂದು ನೋಡುವುದು ಆ ಕ್ರಮ. ಮೈಸೂರಿಗೆ, ಧಾರವಾಡಕ್ಕೆ ಈ ಲೆಕ್ಕ ಚೆನ್ನಾಗಿ ಒಪ್ಪುತ್ತದೆ. ಹಾಸನ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿರುವ ಸಕಲೇಶಪುರ ಮತ್ತು ಆಲೂರಿನ ಗುಡ್ಡಗಾಡಿಗೆ ಅದನ್ನು ಅನ್ವಯಿಸಹೊರಟರೆ ಜಮೆ ಇರಬೇಕಾದಲ್ಲಿ ಖರ್ಚು ಕಾಣುತ್ತದೆ. ಇಲ್ಲಿನ ಮಕ್ಕಳು ಪದವಿಯನ್ನು ಅರಸಿ ಹಾಸನಕ್ಕೆ, ಮೈಸೂರಿಗೆ, ಬೆಂಗಳೂರಿಗೆ, ಘಟ್ಟದ ಕೆಳಗೆ ಮಂಗಳೂರಿಗೆ ಹೋದವರು. ಕಾಫಿ, ಏಲಕ್ಕಿ, ಮೆಣಸು ಮಾರಿದ ಹಣ ವಸತಿಗೃಹದ ಶುಲ್ಕವಾಗಿ ಬೇರೆ ಊರುಗಳ ಅಂಗಡಿಬೀದಿಗೆ ಸೇರಿತು. ಓದಿದ ಮಕ್ಕಳಲ್ಲಿ ಬಹುಮಂದಿ ಹಿಂದಿರುಗಲೂ ಇಲ್ಲ. ಹಾಗಾದರೆ ಈ ಸೀಮೆಗೆ ವಿಶ್ವವಿದ್ಯಾನಿಲಯದಿಂದ ಬಂದದ್ದೇನು ಎಂಬ ಪ್ರಶ್ನೆಯನ್ನು ಬೇರೆ ಬಗೆಯಲ್ಲಿ ಕೇಳಬೇಕಾಗುತ್ತದೆ. ಹಾಸನ ವಿಶ್ವವಿದ್ಯಾನಿಲಯದ ಅಸ್ತಿತ್ವವೇ ಚರ್ಚೆಗೆ ಒಳಗಾಗಿರುವ ಈ ಕಾಲದಲ್ಲಿ ಆ ಪ್ರಶ್ನೆ ಕೇವಲ ಇತಿಹಾಸಾಸಕ್ತರದಲ್ಲ.

ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಗೊಂಡದ್ದು 1916ರ ಜುಲೈ 27ರಂದು. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥೆ, ದಿವಾನ್ ವಿಶ್ವೇಶ್ವರಯ್ಯನವರ ಹಟ, ಇವೆರಡೂ ಕೂಡಿದ್ದರಿಂದ ಬ್ರಿಟಿಷ್ ಆಡಳಿತದ ಹೊರಗೆ, ದೇಶೀಯ ಸಂಸ್ಥಾನವೊಂದರಲ್ಲಿ ಮೊದಲ ವಿಶ್ವವಿದ್ಯಾನಿಲಯ ತಲೆಯೆತ್ತಿತು. ಎಚ್. ವಿ. ನಂಜುಂಡಯ್ಯನವರು ಪ್ರಥಮ ಕುಲಪತಿಗಳು. ಆರಂಭದಲ್ಲಿ ಇದ್ದವು ಮೈಸೂರಿನ ಮಹಾರಾಜಾ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಎಂಬ ಎರಡೇ. ಆಗ ಸಕಲೇಶಪುರ ತಾಲ್ಲೂಕಿಗೆ ಮಂಜರಾಬಾದ್ ಎಂಬ ಹೆಸರು. ಅಲ್ಲಿನ ಕಾಫಿ ತೋಟಗಳ ಕಂದಾಯ ಸಂಸ್ಥಾನದ ಬೊಕ್ಕಸಕ್ಕೆ ಸೇರುತ್ತಿದ್ದು, ಆ ಬೊಕ್ಕಸದಿಂದಲೇ ವಿಶ್ವವಿದ್ಯಾನಿಲಯ ನಡೆಯುತ್ತಿತ್ತು. ಅಂದರೆ ಮಲೆನಾಡು ಮೊದಲಿಗೆ ಕೊಟ್ಟಿತು, ಪಡೆದದ್ದು ಆಮೇಲೆ.

ಪಡೆದದ್ದರಲ್ಲಿ ಮೊದಲನೆಯದು ಕಲ್ಲಿನ ರೂಪದ್ದು. ಬಿ. ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೆಯ ಸಂಪುಟ ಹಾಸನ ಜಿಲ್ಲೆಯದು, ಅದರಲ್ಲಿ ಮಂಜರಾಬಾದ್ ತಾಲ್ಲೂಕಿನ ಶಾಸನಗಳಿಗೂ ಪ್ರತ್ಯೇಕ ಭಾಗವಿದೆ. ಅದು ಸರ್ಕಾರಿ ಇಲಾಖೆಯ ಕೆಲಸ. ಮುಂದೆ ಪ್ರಾಕ್ತನಶಾಸ್ತ್ರ ಇಲಾಖೆ ವಿಶ್ವವಿದ್ಯಾನಿಲಯದೊಡನೆ ಕೂಡಿಕೊಂಡಿತು. ಇತಿಹಾಸದ ಪ್ರಾಧ್ಯಾಪಕರೇ ಇಲಾಖೆಯ ನಿರ್ದೇಶಕರೂ ಆಗಿ, ಪಾಠ ಹೇಳುವವರೇ ಹಳ್ಳಿಹಳ್ಳಿ ಸುತ್ತುವ ಪದ್ಧತಿ ಬಂದಿತು. ಡಾ. ಎಂ. ಎಚ್. ಕೃಷ್ಣ ಅವರು ಹೀಗೆ ಸುತ್ತಿದವರು. 1936ರಲ್ಲಿ, ಆಲೂರು ಮತ್ತು ಸಕಲೇಶಪುರಕ್ಕೆ ನೆರೆಯದಾದ ಬೇಲೂರು ತಾಲ್ಲೂಕಿನ ಹಲ್ಮಿಡಿ ಗ್ರಾಮದಲ್ಲಿ, ವೀರಭದ್ರ ದೇವಾಲಯದ ಮುಂದೆ ನಿಂತಿದ್ದ ಕಲ್ಲೊಂದು ಅವರ ಕಣ್ಣಿಗೆ ಬಿದ್ದಿತು. ಹಳೆಯ ಮಣ್ಣಿನ ಕೋಟೆಯ ಬಳಿ ಇದ್ದ ಆ ಕಲ್ಲನ್ನು ಊರವರು ದೇವಾಲಯದ ಬಳಿಗೆ ತಂದು ನಿಲ್ಲಿಸಿದ್ದರು. ಹದಿನಾರು ಸಾಲುಗಳ ಬರಹ. ಕದಂಬ ಕಾಕುಸ್ಥನ ಕಾಲದ್ದು. ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಪಲ್ಮಿಡಿ, ಮೂಳಿವಳ್ಳಿ ಎಂಬ ಗ್ರಾಮಗಳನ್ನು ಕೊಟ್ಟ ದಾಖಲೆ. ಕೃಷ್ಣ ಅವರು ಅದರ ಕಾಲವನ್ನು ಕ್ರಿ.ಶ. 450ರ ಸುಮಾರು ಎಂದು ನಿರ್ಣಯಿಸಿದರು.

ಈ ಕಾಲನಿರ್ಣಯದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಮತವಿದೆ. ಶಿವಮೊಗ್ಗ ಜಿಲ್ಲೆಯ ತಾಳಗುಂದದಲ್ಲಿ ಈಚೆಗೆ ದೊರೆತ ಬರಹ ಇದಕ್ಕಿಂತ ಹಳೆಯದೆಂಬ ವಾದವೂ ಬಂದಿದೆ. ಅದು ಹೇಗೇ ಇತ್ಯರ್ಥವಾಗಲಿ, ಕನ್ನಡದ ಪ್ರಾಚೀನತೆಯನ್ನು ಕುರಿತ ಯಾವ ಮಾತೂ ಹಲ್ಮಿಡಿಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. 2008ರ ಅಕ್ಟೋಬರ್ 31ರಂದು ಕೇಂದ್ರ ಸರ್ಕಾರ ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ಘೋಷಿಸುವ ಮುನ್ನ ನಡೆದ ವಾದಗಳಲ್ಲಿ ಈ ಕಲ್ಲು ಮುಖ್ಯ ಸಾಕ್ಷಿಗಳಲ್ಲೊಂದಾಗಿ ನಿಂತಿತು. ಹಲ್ಮಿಡಿಯ ಒಂದು ಮನೆಗೂ ಇದರಿಂದ ಬಾಡಿಗೆ ಬರಲಿಲ್ಲ ನಿಜ. ಆದರೆ ಊರಿನ ಹೆಸರು ಶಾಲೆಯ ಪ್ರತಿಯೊಂದು ಪಠ್ಯಪುಸ್ತಕಕ್ಕೂ ಏರಿತು. ಓದಬಲ್ಲವನೊಬ್ಬ ಊರಿಗೆ ನಡೆದು ಬಂದದ್ದಷ್ಟೇ ಇದಕ್ಕೆ ಕಾರಣ. ಕಲ್ಲು ಸಾವಿರದ ನಾನೂರಕ್ಕೂ ಹೆಚ್ಚು ವರ್ಷ ಅಲ್ಲಿಯೇ ಇತ್ತು.

ಜೈನ ಸಮಾಜಕ್ಕೆ ಇದೇ ಮಾತು ಇನ್ನೂ ಹತ್ತಿರದಿಂದ ತಟ್ಟಬೇಕು. ಇದೇ ಜಿಲ್ಲೆಯ ಶ್ರವಣಬೆಳಗೊಳದ ಶಾಸನಗಳನ್ನು ರೈಸ್ ಅವರು 1889ರಲ್ಲಿ ಪ್ರಕಟಿಸಿದಾಗ ಸಂಖ್ಯೆ 144. ಆರ್. ನರಸಿಂಹಾಚಾರ್ಯರ 1923ರ ಪರಿಷ್ಕರಣದಲ್ಲಿ ಅದು 500ಕ್ಕೆ ಏರಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1973ರಲ್ಲಿ ಹೊರತಂದ ಸಂಪುಟದಲ್ಲಿ 573. ಬೆಟ್ಟದ ಮೇಲಿನ ಬಂಡೆ ಬದಲಾಗಲಿಲ್ಲ. ನೋಡುವ ಕಣ್ಣು ಹೆಚ್ಚಿತು. ಈ ಶಾಸನಗಳಲ್ಲಿ ಸಲ್ಲೇಖನದ ದಾಖಲೆಗಳಷ್ಟೇ ಅಲ್ಲ, ವರ್ತಕರ ಲೆಕ್ಕಪತ್ರಗಳೂ ಇವೆ. ಹದಿಮೂರನೆಯ ಶತಮಾನದಲ್ಲಿ ಶ್ರಾವಕರು ಗೊಮ್ಮಟೇಶ್ವರನ ನಿತ್ಯಾಭಿಷೇಕಕ್ಕೆಂದು ಗದ್ಯಾಣಗಳನ್ನು ಇಡುಗಂಟಾಗಿ ಒಪ್ಪಿಸಿ, ಅಸಲನ್ನು ಮುಟ್ಟದೆ ಅದರ ಬಡ್ಡಿಯಿಂದ ದಿನಕ್ಕೆ ಇಷ್ಟು ಮಾನ ಹಾಲು ನಡೆಯಬೇಕೆಂದು ಬರೆಸಿದರು. ಇಂದಿನ ಬಸದಿಗಳ ಟ್ರಸ್ಟುಗಳು ಶಾಶ್ವತ ಪೂಜಾನಿಧಿ ಎಂದು ಕರೆಯುವುದು ಇದನ್ನೇ. ಅಸಲು ಉಳಿಯಬೇಕು, ಫಲ ನಡೆಯಬೇಕು ಎಂಬ ಈ ನಿಯಮದಲ್ಲಿಯೇ ವಿಶ್ವವಿದ್ಯಾನಿಲಯದಂಥ ಸಂಸ್ಥೆಯ ಬಾಳೂ ನಿಂತಿದೆ. ಅದೇ ಮೈಸೂರಿನಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತದ ವಿಭಾಗ ತೆರೆದಾಗ ಡಾ. ಆ. ನೇ. ಉಪಾಧ್ಯೆ ಅವರಂಥ ಹಿರಿಯರು ತಮ್ಮ ಕೊನೆಯ ವರ್ಷಗಳನ್ನು ಅದಕ್ಕೆ ಧಾರೆಯೆರೆದರು. ನಾಲ್ಕು ದಾನಗಳಲ್ಲಿ ಶಾಸ್ತ್ರದಾನವೂ ಒಂದೆಂದು ಹೇಳುವ ಸಮಾಜ ಇಂಥ ಪೀಠಗಳಲ್ಲಿ ಎಷ್ಟು ವಿದ್ಯಾರ್ಥಿಗಳನ್ನು ಕೂರಿಸಿದೆ ಎಂಬ ಲೆಕ್ಕ ಮಾತ್ರ ಅಷ್ಟು ಸಂತೋಷದ್ದಲ್ಲ.

ವಿದ್ಯೆಯನ್ನು ಕಾಲೇಜಿನ ಗೋಡೆಯಿಂದ ಆಚೆಗೆ ಒಯ್ಯಬೇಕೆಂಬ ಹಂಬಲ ಮೈಸೂರಿಗೆ ಮೊದಲಿನಿಂದಲೂ ಇತ್ತು. ಪ್ರಾಧ್ಯಾಪಕರು ಸಣ್ಣ ಊರುಗಳಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಮಾಡುತ್ತಿದ್ದರು. ಆ ಉಪನ್ಯಾಸಗಳೇ ಕೆಲವು ಆಣೆಗಳ ಬೆಲೆಯ ಪುಟ್ಟ ಪುಸ್ತಕಗಳಾಗುತ್ತಿದ್ದವು. ಆದರೆ ಮಲೆನಾಡಿನ ಮನೆಗಳಿಗೆ ನಿಜವಾಗಿ ಒದಗಿದ್ದು 1969ರಲ್ಲಿ ಆರಂಭವಾದ ಅಂಚೆ ಶಿಕ್ಷಣ. ಆಷಾಢ, ಶ್ರಾವಣಗಳ ಜಡಿಮಳೆಯಲ್ಲಿ ಹೆತ್ತೂರು, ಹಾನುಬಾಳುಗಳ ಕಡೆಯ ಒಂಟಿಮನೆಗೆ ಬಸ್ಸು ಬರದಿದ್ದರೂ ಅಂಚೆಯವನು ಬರುತ್ತಿದ್ದನು. ಪ್ರಾಥಮಿಕ ಶಾಲೆಯ ಉಪಾಧ್ಯಾಯರು, ತೋಟದ ರೈಟರುಗಳು, ಮದುವೆಯಾಗಿ ಓದು ನಿಲ್ಲಿಸಿದ್ದ ಹೆಣ್ಣುಮಕ್ಕಳು ಪದವಿ ಪಡೆಯಲು ಇದರಿಂದ ದಾರಿಯಾಯಿತು. ಓದಿಗಾಗಿ ಊರನ್ನು ಬಿಡಿಸದ ವಿದ್ಯಾಭ್ಯಾಸ ಇದೊಂದೇ ಆಗಿದ್ದುದರಿಂದ ಇದನ್ನು ಸಾಂಸ್ಕೃತಿಕ ಕೊಡುಗೆ ಎನ್ನುವುದಕ್ಕಿಂತ ಆರ್ಥಿಕ ಕೊಡುಗೆ ಎನ್ನುವುದೇ ಸರಿ. ಆ ಸಂಸ್ಥೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. 2015ರಲ್ಲಿ ಅದು ಮಾನ್ಯತೆ ಕಳೆದುಕೊಂಡು 2018ರಲ್ಲಿ ಮರಳಿ ಪಡೆಯುವವರೆಗೆ ಬಡ ವಿದ್ಯಾರ್ಥಿಗಳು ಪಟ್ಟ ಪಾಡು, ಆಡಳಿತದ ಅಜಾಗರೂಕತೆಗೆ ಬೆಲೆ ತೆರುವವರು ಯಾರು ಎಂಬುದನ್ನು ತೋರಿಸಿತು.

ಇನ್ನು ಬೆಳೆಯ ಮಾತು. ಹೆಬ್ಬಾಳದ ಕೃಷಿ ಕಾಲೇಜು 1946ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಅಂಗವಾಗಿ ಹುಟ್ಟಿ, 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯಕ್ಕೆ ಬುನಾದಿಯಾಯಿತು. ಇದಕ್ಕೆ ಮಾದರಿ ಅಮೆರಿಕೆಯದು. ಅಲ್ಲಿನ ಸಂಯುಕ್ತ ಸರ್ಕಾರ 1862ರ ಕಾಯಿದೆಯ ಮೂಲಕ ಪ್ರತಿಯೊಂದು ರಾಜ್ಯಕ್ಕೂ ಭೂಮಿಯನ್ನು ಕೊಟ್ಟು, ಅದನ್ನು ಮಾರಿದ ಹಣದ ಇಡುಗಂಟಿನಿಂದ ರೈತರ ಮಕ್ಕಳಿಗೆ ಕಾಲೇಜು ನಡೆಸುವಂತೆ ವಿಧಿಸಿತ್ತು. ಬೋಧನೆ, ಸಂಶೋಧನೆ, ವಿಸ್ತರಣೆ ಈ ಮೂರೂ ಒಂದೇ ಸೂರಿನಡಿ ಇರಬೇಕೆಂಬುದು ಅದರ ತತ್ತ್ವ. ಸಕಲೇಶಪುರಕ್ಕೆ ಇದರ ಫಲ ತಲುಪಿದ್ದು ನೆರೆಯ ಮೂಡಿಗೆರೆಯ ಸಂಶೋಧನಾ ಕೇಂದ್ರದಿಂದ. ಗಿಡದೇನುಗಳು ಹರಡುವ ಕಟ್ಟೆ ರೋಗಕ್ಕೆ ಏಲಕ್ಕಿ ತೋಟಗಳು ಬಲಿಯಾಗುತ್ತಿದ್ದ ಕಾಲದಲ್ಲಿ, ಅಲ್ಲಿ ಆಯ್ದು ಬೆಳೆಸಿದ ‘ಮೂಡಿಗೆರೆ-1’ ಎಂಬ ತಳಿ ಬೆಳೆಗಾರರ ಕೈಸೇರಿತು. ತಳಿಯೊಂದರಿಂದಲೇ ಏಲಕ್ಕಿ ಉಳಿಯಲಿಲ್ಲ. ರೋಗ, ಬೆಲೆಯ ಕುಸಿತ, ಆನೆ ಎಲ್ಲವೂ ಸೇರಿ ಏಲಕ್ಕಿಯಿದ್ದ ಹಲವು ಕಡೆ ಕಾಫಿ ಬಂದಿತು. ಗುಡ್ಡಗಾಡಿನ ಬತ್ತದ ಗದ್ದೆಗಳಿಗೆ ಇಂಟಾನ್ ತಳಿ ಹೊಂದಿಕೊಂಡು ಬಹುಕಾಲ ಉಳಿದದ್ದು ಇನ್ನೊಂದು ನಿದರ್ಶನ.

ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ಈ ಸೀಮೆಯ ಮುಖ್ಯ ಬೆಳೆಯಾದ ಕಾಫಿಯ ಸಂಶೋಧನೆ ವಿಶ್ವವಿದ್ಯಾನಿಲಯಗಳ ಕೈಯಲ್ಲಿ ಇರಲಿಲ್ಲ. ಕೃಷಿ ನಿರ್ದೇಶಕರಾಗಿದ್ದ ಡಾ. ಲೆಸ್ಲಿ ಕೋಲ್ಮನ್ನರ ಕಾಲದಲ್ಲಿ, 1925ರಲ್ಲಿ, ಬಾಳೆಹೊನ್ನೂರಿನಲ್ಲಿ ಅದು ನೆಲೆಗೊಂಡಿತು. ಮುಂದೆ ಕಾಫಿ ಮಂಡಳಿಗೆ ಸೇರಿತು. ಎಲೆತುಕ್ಕನ್ನು ತಕ್ಕಮಟ್ಟಿಗೆ ತಾಳಿಕೊಂಡು ಮನೆಮಾತಾದ ಎಸ್. 795 ತಳಿ ಅಲ್ಲಿನದು. 1935ರ ಕಾಯಿದೆಯಿಂದ ಕಾಫಿಯ ಮೇಲೆ ತೆರಿಗೆ ಹಾಕಿ, ಆ ಹಣವನ್ನು ಕಾಫಿಯ ಪ್ರಗತಿಗೇ ಬಳಸುವ ಪದ್ಧತಿ ಬಂದಿತ್ತು. ಜ್ಞಾನಕ್ಕೆ ತಾವೇ ಹಣ ತೆರುವುದು ಮಲೆನಾಡಿನ ಬೆಳೆಗಾರರಿಗೆ ಹೊಸದಲ್ಲವೆಂದಾಯಿತು. ಹಾಸನದಲ್ಲಿ 1960ರಲ್ಲಿ ಆರಂಭವಾಗಿ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸಂಯೋಜಿತವಾಗಿದ್ದ ಎಂಜಿನಿಯರಿಂಗ್ ಕಾಲೇಜು ‘ಮಲೆನಾಡು’ ಎಂಬ ಹೆಸರನ್ನೇ ಹೊತ್ತಿದೆ.

ಇತ್ತೀಚಿನ ದಶಕಗಳಲ್ಲಿ ಈ ಬೆಟ್ಟಗಳು ವಿದ್ವತ್ತಿನ ಮುಂದಿಟ್ಟಿರುವ ಕಠಿಣ ಪ್ರಶ್ನೆ ಆನೆಯದು. ಆಲೂರು, ಸಕಲೇಶಪುರಗಳ ಕಾಫಿ ತೋಟಗಳಲ್ಲಿಯೇ ಬೀಡುಬಿಟ್ಟ ಆನೆಗಳಿಂದ ಕೂಲಿಯಾಳುಗಳು ಪ್ರಾಣ ಕಳೆದುಕೊಂಡಿದ್ದಾರೆ. ವಿದ್ಯುತ್ತಂತಿಗೆ ಸಿಕ್ಕಿ ಆನೆಗಳೂ ಸತ್ತಿವೆ. ಉಚ್ಚ ನ್ಯಾಯಾಲಯ ನೇಮಿಸಿದ ಕಾರ್ಯಪಡೆ, ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ರಾಮನ್ ಸುಕುಮಾರ್ ಅವರ ಅಧ್ಯಕ್ಷತೆಯಲ್ಲಿ, 2012ರಲ್ಲಿ ವರದಿ ಸಲ್ಲಿಸಿತು. ಆನೆಯನ್ನು ಉಳಿಸಿಕೊಳ್ಳಬೇಕಾದ, ಆನೆಯೊಡನೆ ಬಾಳಬೇಕಾದ, ಆನೆಯನ್ನು ತೆರವು ಮಾಡಬೇಕಾದ ಎಂದು ಮೂರು ಬಗೆಯ ವಲಯಗಳನ್ನು ಅದು ಗುರುತಿಸಿತು. 2014ರಲ್ಲಿ ಆಲೂರಿನ ಭಾಗದಲ್ಲಿ 22 ಆನೆಗಳನ್ನು ಹಿಡಿಯಲಾಯಿತು. ತೆರವಾದ ಜಾಗಕ್ಕೆ ಬೇರೆ ಆನೆಗಳು ಬಂದವು, ಸಾವುಗಳು ನಿಲ್ಲಲಿಲ್ಲ. ಮನುಷ್ಯನ ಜೀವವನ್ನೂ ಆನೆಯ ಜೀವವನ್ನೂ ಒಟ್ಟಿಗೆ ಉಳಿಸುವ ಉಪಾಯ ಒಂದು ವರದಿಯಿಂದ ಮುಗಿಯುವುದಲ್ಲ. ಸ್ಥಳದಲ್ಲಿಯೇ ಇದ್ದು, ವರ್ಷ ವರ್ಷವೂ ಎಣಿಸಿ, ಕೂಲಿಯಾಳಿನ ಮಾತನ್ನೂ ಬರೆದುಕೊಳ್ಳುವ ವಿದ್ವಾಂಸರು ಬೇಕು. ಅಹಿಂಸೆಯನ್ನು ವ್ರತವಾಗಿ ಹೊತ್ತವರಿಗೆ ಇದಕ್ಕಿಂತ ಹತ್ತಿರದ ಸಂಶೋಧನಾ ವಿಷಯ ಸಿಗುವುದು ಕಷ್ಟ.

ಅಂಥ ವಿದ್ವಾಂಸರು ಎಲ್ಲಿಂದ ಬರಬೇಕು? ಮೈಸೂರು ವಿಶ್ವವಿದ್ಯಾನಿಲಯ ತನ್ನ ಸ್ನಾತಕೋತ್ತರ ಕೇಂದ್ರಗಳ ಮೂಲಕ ಬೇರೆ ವಿಶ್ವವಿದ್ಯಾನಿಲಯಗಳಿಗೆ ತಾಯಿಯಾದದ್ದುಂಟು. 1968ರಲ್ಲಿ ಮಂಗಳೂರಿನ ಕಡೆ ತೆರೆದ ಕೇಂದ್ರ 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವಾಯಿತು, ಬಿ. ಆರ್. ಪ್ರಾಜೆಕ್ಟಿನ ಕೇಂದ್ರ 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯವಾಯಿತು. ಹಾಸನದ ಹೇಮಗಂಗೋತ್ರಿಗೂ ಅದೇ ದಾರಿ ತೆರೆದು, 2022–23ರ ಸುಮಾರಿಗೆ ಹಾಸನ ವಿಶ್ವವಿದ್ಯಾನಿಲಯ ಅಸ್ತಿತ್ವಕ್ಕೆ ಬಂದಿತು. ಎರಡು ವರ್ಷ ತುಂಬುವಷ್ಟರಲ್ಲಿ, 2025ರ ಫೆಬ್ರವರಿಯಲ್ಲಿ, ಹಣಕಾಸಿನ ಕಾರಣದಿಂದ ಇದನ್ನೂ ಸೇರಿಸಿ ಒಂಬತ್ತು ಹೊಸ ವಿಶ್ವವಿದ್ಯಾನಿಲಯಗಳನ್ನು ಮುಚ್ಚುವ ಶಿಫಾರಸನ್ನು ಸಚಿವ ಸಂಪುಟದ ಉಪಸಮಿತಿ ಮುಂದಿಟ್ಟಿತು.

ಜಮೀನಿಲ್ಲದೆ, ಅಧ್ಯಾಪಕರಿಲ್ಲದೆ, ಅನುದಾನವಿಲ್ಲದೆ ನಾಮಫಲಕವೊಂದನ್ನು ತೂಗುಹಾಕಿ ಅದನ್ನು ವಿಶ್ವವಿದ್ಯಾನಿಲಯವೆಂದು ಕರೆಯುವುದು ನ್ಯಾಯವಲ್ಲ. ಈ ಆಕ್ಷೇಪದಲ್ಲಿ ಹುರುಳಿದೆ. ಆದರೆ ಎರಡು ವರ್ಷದ ಅಂಗಡಿಯ ಖಾತೆಯನ್ನು ನೋಡಿ ಯಾವ ವರ್ತಕನೂ ಅದರ ಹಣೆಬರಹ ತೀರ್ಮಾನಿಸುವುದಿಲ್ಲ, ಮಂಗಳೂರಿಗೆ ಹನ್ನೆರಡು ವರ್ಷ ಕೊಟ್ಟಿದ್ದ ನಾಡಿನಲ್ಲಂತೂ ಅಲ್ಲ. ಕೇಳಬೇಕಾದದ್ದು ಹಾಸನ ಪಟ್ಟಣದ ಬಾಡಿಗೆಯ ಲೆಕ್ಕವನ್ನಲ್ಲ. ಆಲೂರಿನ ಮಗು ಮನೆಯಿಂದಲೇ ಬಸ್ಸಿನಲ್ಲಿ ಹೋಗಿ ಸ್ನಾತಕೋತ್ತರ ಪದವಿ ಓದಬಲ್ಲದೇ, ಅಲ್ಲಿನ ಇತಿಹಾಸ ವಿಭಾಗದವರು ಮಂಜರಾಬಾದಿನ ಶಾಸನಗಳಿಗೆ ಮತ್ತೊಮ್ಮೆ ನಡೆದು ಹೋಗಬಲ್ಲರೇ, ಪ್ರಾಣಿಶಾಸ್ತ್ರದವರು ಆನೆಯ ಹಿಂದೆ ಹತ್ತು ವರ್ಷ ಇರಬಲ್ಲರೇ ಎಂಬುದನ್ನು. ಇದರಲ್ಲಿ ಒಂದೆರಡಕ್ಕಾದರೂ ಬಸದಿಗಳ ಟ್ರಸ್ಟುಗಳು ಇಡುಗಂಟು ಒಪ್ಪಿಸಬಹುದು. ಕೊಡುವುದಕ್ಕೆ ಹಣವೊಂದೇ ಇರುವುದೂ ಅಲ್ಲ. ಹಳೆಯ ವರ್ತಕ ಮನೆತನಗಳ ಅಟ್ಟದ ಮೇಲಿನ ಖಾತೆ ಪುಸ್ತಕಗಳು, ತೋಟದ ಪಗಾರದ ವಹಿಗಳು, ಮಂಡಿಯ ಪಟ್ಟಿಗಳು, ಬಸದಿಯ ಭಂಡಾರದ ಓಲೆಗರಿಗಳು ಇವುಗಳಲ್ಲಿ ಈ ಸೀಮೆಯ ನೂರು ವರ್ಷದ ಆರ್ಥಿಕ ಚರಿತ್ರೆಗೆ ಬೇಕಾದ ಸಾಮಗ್ರಿಯಿದೆ. ಪ್ರತಿ ಮಳೆಗಾಲದಲ್ಲಿಯೂ ಅದರಲ್ಲಿ ಒಂದಿಷ್ಟು ಗೆದ್ದಲಿಗೆ ಹೋಗುತ್ತದೆ.