ಗುಡಿಯ ದತ್ತಿ, ಶಾಲೆಯ ಅನ್ನ

ಇಟಗಿಯ ಮಹಾದೇವ ದೇವಾಲಯವನ್ನು ಕ್ರಿ.ಶ. 1112ರಲ್ಲಿ ಕಟ್ಟಿಸಿದವನು ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಶಾಸನ ಅದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ, ನೋಡಿದವರು ಅತ್ಯುಕ್ತಿಯೆನ್ನಲಾರರು.

ಆ ಚಾಳುಕ್ಯರ ಕಾಲದಲ್ಲಿ ವಿದ್ಯಾದಾನವೂ ಪುಣ್ಯಕಾರ್ಯವೇ. ನಾಗಾವಿಯ 1058ರ ಶಾಸನವನ್ನೇ ನೋಡಿ: ಇನ್ನೂರಕ್ಕೆ ಕಡಿಮೆಯಿಲ್ಲದ ವಿದ್ಯಾರ್ಥಿಗಳು, ಅವರಿಗೆ ಉಪಾಧ್ಯಾಯರು, ಜೊತೆಗೆ ಆರು ಮಂದಿ ‘ಸರಸ್ವತೀ ಭಂಡಾರಿ’ಗಳು. ಪುಸ್ತಕ ಕಾಯುವವರನ್ನು ಮರೆಯದ ಆ ದಾನಿಯ ಮೇಲೆ ನನ್ನಂಥ ಮೇಷ್ಟರಿಗೆ ವಿಶೇಷ ಅಕ್ಕರೆ. ಆದರೆ ಅಲ್ಲಿ ಓದಿಸಿದ್ದು ವೇದ, ಶಾಸ್ತ್ರ. ಗುಡಿಗೆ ಕಲ್ಲು ಹೊತ್ತವರ ಮಕ್ಕಳಿಗೆ ಆ ಪಂಕ್ತಿಯಲ್ಲಿ ಎಲೆ ಹಾಕಿರಲಿಲ್ಲ.

ಮುಂದೆ ಈ ಸೀಮೆ ನಿಜಾಮರಿಗೆ ಸೇರಿತು. ಶಾಲೆಗಳು ವಿರಳ, ಮೇಲಿನ ತರಗತಿಗಳಲ್ಲಿ ಉರ್ದು. ಕನ್ನಡದ ಕೂಸಿಗೆ ಬಡತನವೊಂದು ಬೇಲಿಯಾದರೆ ಭಾಷೆ ಇನ್ನೊಂದು. 1948ರ ವಿಮೋಚನೆ, 1956ರ ಏಕೀಕರಣಗಳಿಂದ ಎರಡನೆಯದು ಕಿತ್ತುಹೋಯಿತು. ಮೊದಲನೆಯದು ನಿಂತೇ ಇತ್ತು.

ಹಸಿದ ಹೊಟ್ಟೆಗೆ ಕಾಗುಣಿತ ಹತ್ತುವುದೆ? ಶಾಲೆಯಲ್ಲಿ ಬಿಸಿ ಊಟ ಕೊಡಬೇಕೆಂದು 2001ರಲ್ಲಿ ಸರ್ವೋಚ್ಚ ನ್ಯಾಯಾಲಯ ಆಜ್ಞಾಪಿಸಿತು. ನಮ್ಮಲ್ಲಿ 2002ರಲ್ಲಿ ‘ಅಕ್ಷರ ದಾಸೋಹ’ ಮೊದಲಾದದ್ದು ಕೊಪ್ಪಳವೂ ಸೇರಿದ ಏಳು ಉತ್ತರದ ಜಿಲ್ಲೆಗಳಲ್ಲಿ. ಶರಣರ ಮಾತನ್ನು ಸರ್ಕಾರಿ ಕಾಗದಕ್ಕೆ ತಂದವರಾರೋ, ಅವರಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು! ಈ ಪಂಕ್ತಿಗೆ ಕುಲ ಕೇಳುವಂತಿಲ್ಲ; ಕೊಡುವವನೂ ದಂಡನಾಯಕನಲ್ಲ, ಕಂದಾಯ ತೆರುವ ನಾವೇ.

ಹಳೆಯ ದತ್ತಿ ‘ಆಚಂದ್ರಾರ್ಕ’. ಬಜೆಟ್ಟಿನ ಹಣಕ್ಕೆ ಮಾರ್ಚಿಯೇ ಗಡುವು. 371(ಜೆ) ವಿಧಿಯಿಂದ ಈ ಭಾಗಕ್ಕೆ ಪ್ರತ್ಯೇಕ ಮಂಡಳಿ, ಪ್ರತ್ಯೇಕ ಹಣ ಬಂದಿವೆ. ಅದರಲ್ಲಿ ಶಾಲೆಯ ಪಾಲೆಷ್ಟೆಂದು ವರ್ಷವರ್ಷವೂ ಕೇಳುತ್ತಿರಬೇಕಾಗಿದೆ.